ಬ್ರೇಕ್ ಆಯಿಲ್‌ಗೂ ವಯಸ್ಸಾಗುತ್ತದೆ

ಬೆಳಕವಾಡಿ, ಪೂರಿಗಾಲಿ, ಬಿ.ಜಿ.ಪುರದ ಕಡೆ ಈಗ ಕಾರಿಲ್ಲದ ಬೀದಿ ಹುಡುಕುವುದು ಕಷ್ಟ. ಹೆಚ್ಚಿನವು ಬೆಂಗಳೂರಿನಲ್ಲಿ ಒಬ್ಬರೋ ಇಬ್ಬರೋ ಓಡಿಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಗಾಡಿಗಳು. ಮಾರುತಿ 800, ಆಲ್ಟೊ, ಓಮ್ನಿ, ಇಂಡಿಕಾ. ಕಬ್ಬಿನ ಬಿಲ್ಲು ಕೈಗೆ ಬಂದಾಗ ಕೊಂಡವು. ಕೊಂಡ ವಾರದಲ್ಲೇ ಸೀಟ್ ಕವರ್ ಬದಲಾಗುತ್ತದೆ, ಸ್ಪೀಕರ್ ಕೂರುತ್ತದೆ, ಹಿಂದಿನ ಗಾಜಿನ ಮೇಲೆ ಮಾದಪ್ಪನ ಹೆಸರು ಬರುತ್ತದೆ. ಆದರೆ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯೊಳಗೆ ಇಣುಕುವವರು ಕಡಿಮೆ. ಹೊಸ ಆಯಿಲ್ ತಿಳಿಯಾಗಿ, ನಸು ಹಳದಿಯಾಗಿರುತ್ತದೆ. ನಾನು ಇಣುಕಿದ ಎಷ್ಟೋ ಗಾಡಿಗಳಲ್ಲಿ ಅದು ಕಾಫಿ ಡಿಕಾಕ್ಷನ್‌ನಂತೆ ಕಪ್ಪಿಟ್ಟಿತ್ತು.

ಕಾರು ಕಟ್ಟಿಕೊಂಡಿರುವ ಮನೆಯವರಿಗೆ ಮುಂದಿನ ಚಕ್ರದ ಬ್ರೇಕ್ ಬಿಚ್ಚಿ ನೋಡುವುದು, ಆಯಿಲ್ ಬದಲಿಸುವುದು, ಏರ್ ತೆಗೆಯುವುದು ಗೊತ್ತಿರಬೇಕು. ಕೈಯಾರೆ ಮಾಡಲು ಧೈರ್ಯ ಸಾಲದವರು ಗ್ಯಾರೇಜಿನಲ್ಲಿ ನಿಂತು ಕಣ್ಣಾರೆ ನೋಡಿ ಮಾಡಿಸಬೇಕು. ನಾನು ಮೆಕ್ಯಾನಿಕ್ ಅಲ್ಲ. ಕಬ್ಬು, ಭತ್ತ ಬೆಳೆಯುವವನು. ಪಂಪ್‌ಸೆಟ್ಟು, ಟಿಲ್ಲರ್ರು ಬಿಚ್ಚಿ ಕಟ್ಟಿದ ಕೈಗೆ ಕಾರಿನ ಬ್ರೇಕ್ ಬೇರೆ ಲೋಕದ್ದೇನೂ ಅಲ್ಲ ಎಂಬುದು ನನ್ನ ಅನುಭವ.

ನಮ್ಮ ರಸ್ತೆಗಳನ್ನು ಒಮ್ಮೆ ನೆನೆಯಿರಿ. ಕಟಾವಿನ ಕಾಲದಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರು ಸಂಜೆ ಹೊತ್ತಲ್ಲಿ ಅಡ್ಡರಸ್ತೆಯಿಂದ ಮಳವಳ್ಳಿ ರಸ್ತೆಗೆ ಬಂದುಬಿಡುತ್ತದೆ. ಎಷ್ಟೋ ಟ್ರೇಲರುಗಳಿಗೆ ತಮ್ಮದೇ ಬ್ರೇಕ್ ಇಲ್ಲ, ಹಿಂದೆ ಕೆಂಪು ದೀಪವೂ ಇಲ್ಲ. ಅದಕ್ಕೆ ನಿಲ್ಲಲು ಆಗದು, ನಿಲ್ಲಬೇಕಾದವರು ನಾವು. ಇನ್ನು ಸತ್ತೇಗಾಲದ ಸೇತುವೆ ದಾಟಿ ಕೊಳ್ಳೇಗಾಲ, ಹನೂರು, ತಾಳಬೆಟ್ಟದ ಮೇಲೆ ಮಹದೇಶ್ವರ ಬೆಟ್ಟಕ್ಕೆ ಹೋಗದ ಮನೆ ನಮ್ಮ ಸೀಮೆಯಲ್ಲಿ ಎಲ್ಲಿದೆ? ಹತ್ತುವಾಗ ಎಂಜಿನ್ನಿನ ಪರೀಕ್ಷೆ, ಇಳಿಯುವಾಗ ಬ್ರೇಕಿನ ಪರೀಕ್ಷೆ. ಐದು ಜನ ಕೂತು, ಡಿಕ್ಕಿಯಲ್ಲಿ ಅಡುಗೆ ಪಾತ್ರೆ ತುಂಬಿಕೊಂಡು, ತಿರುವು ತಿರುವಿಗೂ ಬ್ರೇಕ್ ಒತ್ತುತ್ತಾ ಇಳಿದರೆ ಮುಂದಿನ ಡಿಸ್ಕು ಕೈ ಸೋಕಿಸಲಾಗದಷ್ಟು ಕಾಯುತ್ತದೆ. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಎರಡು ಚಕ್ರಗಳದ್ದೇ. ಆ ಕಾವು ಪ್ಯಾಡಿನಿಂದ ಪಿಸ್ಟನ್ನಿಗೆ, ಪಿಸ್ಟನ್ನಿನಿಂದ ಆಯಿಲಿಗೆ ಇಳಿಯುತ್ತದೆ.

ನಾವು ಬ್ರೇಕ್ ಆಯಿಲ್ ಎನ್ನುತ್ತೇವೆ. ಎಂಜಿನ್ ಆಯಿಲ್‌ಗೂ ಅದಕ್ಕೂ ಸಂಬಂಧವಿಲ್ಲ. ಅದು ಗಾಳಿಯ ತೇವವನ್ನು ಸದಾ ಹೀರುವ ದ್ರವ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂದು ನಿಯಮ. ಅದರಲ್ಲಿ ನೂರಕ್ಕೆ ಮೂರೂಮುಕ್ಕಾಲು ಭಾಗದಷ್ಟು ನೀರು ಸೇರಿತೋ, ಆ ಮಿತಿ 140ಕ್ಕೆ ಕುಸಿಯುತ್ತದೆ. ಡಾಟ್ 4ರಲ್ಲಿ 230 ಇದ್ದದ್ದು 155ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕಾಲು ತುಳಿದ ಬಲವೆಲ್ಲ ಆ ಗುಳ್ಳೆ ಕುಗ್ಗಿಸುವುದಕ್ಕೇ ಮುಗಿದು, ಪೆಡಲು ಮೆತ್ತಗೆ ತಳಕ್ಕೆ ಹೋಗುತ್ತದೆ. ತಣ್ಣಗಾದ ಮೇಲೆ ಎಲ್ಲ ಸರಿಯಾದಂತೆ ಕಾಣುವುದರಿಂದ ರೋಗ ಎಲ್ಲಿತ್ತೆಂದು ಯಾರಿಗೂ ತಿಳಿಯುವುದಿಲ್ಲ. ಗಾಡಿ ಓಡಲಿ ಬಿಡಲಿ, ಮನೆ ಮುಂದೆ ನಿಂತೇ ಇದ್ದರೂ ಆಯಿಲ್ ತೇವ ಕುಡಿಯುತ್ತದೆ. ಹಾಗಾಗಿ ಕಿಲೋಮೀಟರ್ ಲೆಕ್ಕ ಇಲ್ಲಿ ನಡೆಯದು. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಇದನ್ನು ಸರ್ಕಾರ ನೋಡಿಕೊಳ್ಳುತ್ತದೆ ಎಂದು ಕೂರುವಂತಿಲ್ಲ. ಹಳದಿ ಬೋರ್ಡಿನ ಗಾಡಿ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷ ವರ್ಷವೂ ಎಫ್‌ಸಿ ತಪಾಸಣೆಗೆ ಹೋಗಬೇಕು. ಬಿಳಿ ಬೋರ್ಡಿನ ಸ್ವಂತ ಕಾರಿಗೆ 15 ವರ್ಷ ಆ ಗೋಜಿಲ್ಲ. ನೋಂದಣಿ ನವೀಕರಣದ ಹೊತ್ತಿಗೆ ಗಾಡಿ ಮೂರು ನಾಲ್ಕು ಕೈ ಬದಲಾಗಿರುತ್ತದೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು, ಒಳ್ಳೆಯದೇ. ಆದರೆ ಎಬಿಎಸ್ ಕೂಡ ಅದೇ ಆಯಿಲ್ ನಂಬಿಕೊಂಡೇ ಬದುಕುವುದು.

ಅಣ್ಣನ ಮಗನಿಗೆ ತನ್ನ 800ರ ಮುಂದಿನ ಬ್ರೇಕ್ ದೊಡ್ಡದು ಮಾಡಿಸುವ ಆಸೆ. ಆಸೆ ಕೆಟ್ಟದ್ದಲ್ಲ. ವೇಗ ಹೆಚ್ಚಿಸಲು ದುಡ್ಡು ಸುರಿಯುವ ವಯಸ್ಸಿನಲ್ಲಿ ನಿಲ್ಲಿಸುವುದರ ಬಗ್ಗೆ ಯೋಚಿಸುತ್ತಾನಲ್ಲ ಎಂದು ನನಗೆ ಸಂತೋಷವೇ ಆಯಿತು. ಆದರೆ ಆ ಕಾರಿನದು 12 ಇಂಚಿನ ಚಕ್ರ. ಅದರೊಳಗೆ ದೊಡ್ಡ ಡಿಸ್ಕಿಗೆ ಜಾಗವಿಲ್ಲ, ಚಕ್ರವನ್ನೇ ಬದಲಿಸಬೇಕು. ಕ್ಯಾಲಿಪರಿನ ಪಿಸ್ಟನ್ ದೊಡ್ಡದಾದರೆ ಅದನ್ನು ತಳ್ಳಲು ಹೆಚ್ಚು ಆಯಿಲ್ ಬೇಕು, ಹಳೇ ಮಾಸ್ಟರ್ ಸಿಲಿಂಡರಿಗೆ ಪೆಡಲು ಇನ್ನೂ ಆಳಕ್ಕೆ ಹೋಗುತ್ತದೆ. ಮುಂದೆ ಮಾತ್ರ ಹಿಡಿತ ಹೆಚ್ಚಿಸಿದರೆ ಹಿಂದಿನ ಡ್ರಮ್ಮಿನ ಜೊತೆಗಿನ ಹೊಂದಾಣಿಕೆ ತಪ್ಪುತ್ತದೆ. ಹಳೆಯ ಸಣ್ಣ ಕಾರಿಗೆ ನಾನು ಒಪ್ಪುವ ಅಪ್‌ಗ್ರೇಡ್ ಎಂದರೆ ಹೊಸ ಡಿಸ್ಕು, ಒಳ್ಳೆ ಕಂಪನಿಯ ಪ್ಯಾಡು, ಹೊಸ ರಬ್ಬರ್ ಹೋಸು, ಹೊಸ ಆಯಿಲ್. ಹತ್ತು ವರ್ಷದ ಹೋಸು ಒತ್ತಡಕ್ಕೆ ಒಳಗೊಳಗೇ ಉಬ್ಬುತ್ತದೆ. ಈ ನಾಲ್ಕು ಹೊಸದಾದರೆ ಆ ಕಾರು ಶೋರೂಮಿನಿಂದ ಬಂದಾಗ ಹೇಗೆ ನಿಲ್ಲುತ್ತಿತ್ತೋ ಹಾಗೆ ನಿಲ್ಲುತ್ತದೆ, ಮತ್ತು ಅದನ್ನು ಈಗಿನ ಮಾಲೀಕ ಬಹುಶಃ ಎಂದೂ ಕಂಡಿರುವುದಿಲ್ಲ.

ಅಣ್ಣನ ಮಗನ 800ರ ಈ ಕೆಲಸ ನಮ್ಮ ಮನೆ ಮುಂದಿನ ಸಿಮೆಂಟು ಕಣದಲ್ಲೇ ನಡೆಯಿತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ವೀಲ್ ನಟ್ ಸಡಿಲಿಸಿ, ಆಮೇಲೆ ಜಾಕಿ. ಜಾಕಿಯೊಂದನ್ನೇ ನಂಬಿ ಕೈ ಒಳಗಿಡಬಾರದು, ಸ್ಟ್ಯಾಂಡ್ ಕೊಡಲೇಬೇಕು. ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ತೂಗುಹಾಕಿದೆವು, ಹೋಸಿನ ಮೇಲೆ ಭಾರ ಬೀಳಬಾರದು. ಜಾರುಪಿನ್ನುಗಳು ತುಕ್ಕು ಹಿಡಿದಿದ್ದವು. ಅವುಗಳನ್ನು ಉಜ್ಜಿ, ಕಾವು ತಡೆಯುವ ಗ್ರೀಸ್ ಹಚ್ಚಿದ ಮೇಲೆ ಬೆರಳಲ್ಲೇ ಸರಿದಾಡಿದವು. ಆ ಪಿನ್ನು ಹಿಡಿದುಕೊಂಡರೆ ಒಂದು ಕಡೆಯ ಪ್ಯಾಡು ಮಾತ್ರ ಸವೆಯುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಬಳಿದಿರುತ್ತಾರೆ, ಅದನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ತೆಗೆಯಬೇಕು. ಕ್ಯಾಲಿಪರ್ ಎರಡನ್ನೂ ಬಿಚ್ಚಿದವರು ಎಡ ಬಲ ಅದಲು ಬದಲು ಮಾಡದಂತೆ ನೋಡಿಕೊಳ್ಳಿ. ಏರ್ ತೆಗೆಯುವ ನಿಪ್ಪಲ್ ಮೇಲ್ತುದಿಗೇ ಬರಬೇಕು. ಕೆಳಗೆ ಬಂದರೆ ಗಾಳಿ ಮೇಲೇ ಉಳಿಯುತ್ತದೆ, ದಿನವಿಡೀ ತುಳಿದರೂ ಹೊರಗೆ ಬರದು.

ಏರ್ ತೆಗೆಯಲು ಇಬ್ಬರು ಬೇಕು. ಮಗಳು ಸ್ಟೀರಿಂಗ್ ಹಿಂದೆ ಕೂತಳು. ಪೆಡಲಿನ ಕೆಳಗೆ ಮರದ ತುಂಡು ಇಟ್ಟೆವು. ಹಳೇ ಗಾಡಿಯಲ್ಲಿ ಪೆಡಲು ತಳ ಮುಟ್ಟಿಸಿದರೆ ಮಾಸ್ಟರ್ ಸಿಲಿಂಡರಿನ ಸೀಲು ಒಳಗಿನ ತುಕ್ಕಿಗೆ ಉಜ್ಜಿ ಹಾಳಾಗಬಹುದು. ಮುಂದಿನ ಎರಡೇ ಬಿಚ್ಚಿದ್ದರಿಂದ ಮಾಸ್ಟರ್ ಸಿಲಿಂಡರಿಗೆ ದೂರವಿರುವ ಎಡಚಕ್ರ ಮೊದಲು. ನಿಪ್ಪಲಿಗೆ ರಿಂಗ್ ಸ್ಪ್ಯಾನರ್, ಅದರ ಮೇಲೆ ಪಾರದರ್ಶಕ ಪೈಪು, ಪೈಪಿನ ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಬೇಕು. "ತುಳಿ ಮಗಾ." "ಹಿಡ್ಕಂಡಿವ್ನಿ ಕಣಪ್ಪ." ನಿಪ್ಪಲ್ ಅರ್ಧ ಸುತ್ತು ಸಡಿಲಿಸಿದರೆ ಕಪ್ಪು ಆಯಿಲ್ ಪೈಪಿಗೆ ಜಿಗಿಯಿತು, ಅದರ ನಡುವೆ ಸಾಸಿವೆಯಷ್ಟು ಗುಳ್ಳೆಗಳು. ನಿಪ್ಪಲ್ ಬಿಗಿಮಾಡಿದ ಮೇಲೆಯೇ "ಬುಡು" ಅನ್ನಬೇಕು. ಮೊದಲೇ ಕಾಲು ತೆಗೆದರೆ ಹೊರಗಿನ ಗಾಳಿಯನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. ಹೀಗೆ ತುಳಿ, ಹಿಡಿ, ಬಿಡು ಎನ್ನುತ್ತಾ ಆಯಿಲ್ ತಿಳಿಯಾಗುವವರೆಗೆ ನಡೆಸಿದೆವು. ನಡುನಡುವೆ ಮೇಲಿನ ಡಬ್ಬಿ ಖಾಲಿಯಾಗದಂತೆ ತುಂಬುತ್ತಿರಬೇಕು, ಅದೂ ಆಗಷ್ಟೇ ಸೀಲ್ ಒಡೆದ ಹೊಸ ಬಾಟಲಿಯಿಂದ. ಅಂಗಡಿಯಲ್ಲಿ ಮುಚ್ಚಳ ತೆಗೆದು ತಿಂಗಳುಗಟ್ಟಲೆ ಇಟ್ಟ ಆಯಿಲ್ ಬೇಡ. ಬಾಡಿಯ ಮೇಲೆ ಚೆಲ್ಲಿದರೆ ಬಣ್ಣ ಏಳುತ್ತದೆ, ಕೂಡಲೇ ನೀರಿನಿಂದ ತೊಳೆಯಿರಿ. ಹಳೆಯದನ್ನು ಕಾಲುವೆಗೋ ಗದ್ದೆಗೋ ಸುರಿಯಬೇಡಿ.

ಮುಗಿದ ಮೇಲೆ ಪೆಡಲು ಕಾಲಿಗೆ ಗಟ್ಟಿಯಾಗಿ ಸಿಗಬೇಕು. ಎಂಜಿನ್ ಆಫ್ ಇದ್ದಾಗ ಪೆಡಲು ಒತ್ತಿ ಹಿಡಿದು ಸ್ಟಾರ್ಟ್ ಮಾಡಿದರೆ ತುಸು ಕೆಳಗೆ ಹೋಗಬೇಕು, ಅದು ಬೂಸ್ಟರ್ ಕೆಲಸ ಮಾಡುವ ಗುರುತು. ಗಾಡಿಯನ್ನು ಮೊದಲು ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ನಿಲ್ಲಿಸಿ ನೋಡಿ. ಆಮೇಲೆ ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ ಹಲವು ಸಲ ಮೆಲ್ಲಗೆ ಇಳಿಸಿ, ನಡುವೆ ತಣಿಯಲು ಬಿಟ್ಟರೆ ಪ್ಯಾಡೂ ಡಿಸ್ಕೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಪ್ರಾಣದ ಪ್ರಶ್ನೆ, ಇದನ್ನು ಮೆಕ್ಯಾನಿಕ್‌ಗೇ ಬಿಡಬೇಕು ಎನ್ನುವವರಿದ್ದಾರೆ. ಪೆಡಲು ಗಟ್ಟಿಯಾಗದಿದ್ದರೆ, ಎಲ್ಲಾದರೂ ಆಯಿಲ್ ಒಸರಿದರೆ, ಎಬಿಎಸ್ ಘಟಕದೊಳಗೆ ಗಾಳಿ ಸೇರಿದ್ದರೆ ಖಂಡಿತ ಮೆಕ್ಯಾನಿಕ್‌ಗೇ ಬಿಡಿ, ಎಬಿಎಸ್‌ನ ಗಾಳಿ ತೆಗೆಯಲು ಸ್ಕ್ಯಾನರ್ ಬೇಕು. ಆದರೆ ಪ್ರಾಣದ ಪ್ರಶ್ನೆಯಾದ್ದರಿಂದಲೇ ಮಾಲೀಕನಿಗೆ ತಿಳಿದಿರಬೇಕು ಎಂಬುದು ನನ್ನ ವಾದ. ಗ್ಯಾರೇಜಿನವರನ್ನು ದೂರಿ ಫಲವಿಲ್ಲ. ನಾವು ಕೇಳುವುದೇ "ಎಷ್ಟಾಗುತ್ತೆ, ಯಾವಾಗ ಕೊಡ್ತೀರಿ" ಎಂದು. ಹಳೇ ಆಯಿಲಿನ ಮೇಲೆ ಒಂದಿಷ್ಟು ಹೊಸದು ಸುರಿದು ಕೊಟ್ಟರೂ ನಮಗೆ ಗೊತ್ತಾಗದು. ಒಂದು ಗಂಟೆಯ ಆ ಕೆಲಸಕ್ಕೆ ದುಡ್ಡು ಕೊಡಲು ನಾವು ತಯಾರಿದ್ದರೆ ಮಾಡಿಕೊಡುವ ಕೈಗಳು ಮಳವಳ್ಳಿಯಲ್ಲಿ ಬೇಕಾದಷ್ಟಿವೆ.

ನಾನು ಕೇಳುವುದು ಹೆಚ್ಚೇನಲ್ಲ. ಡ್ರೈವಿಂಗ್ ಸ್ಕೂಲುಗಳು ಎಂಟು ಹಾಕುವುದನ್ನು ಕಲಿಸುವ ಜೊತೆಗೆ ಒಂದು ತಾಸು ಚಕ್ರ ಬಿಚ್ಚಿ ಪ್ಯಾಡು ತೋರಿಸಲಿ. ಸಾರಿಗೆ ಇಲಾಖೆ, ಹಳೇ ಕಾರು ಕೈ ಬದಲಾಗುವಾಗ ಬ್ರೇಕ್ ತಪಾಸಣೆಯ ಚೀಟಿ ಕಡ್ಡಾಯ ಮಾಡಲಿ. ಗ್ಯಾರೇಜಿನವರು ಆಯಿಲ್ ಬದಲಿಸಿದ ತಿಂಗಳು, ವರ್ಷ ಬರೆದು ಆ ಡಬ್ಬಿಯ ಮೇಲೆಯೇ ಒಂದು ಚೀಟಿ ಅಂಟಿಸಲಿ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೋದವರು ಮ್ಯೂಸಿಕ್ ಸಿಸ್ಟಂ ಹಾಕಿ ನೋಡುವ ಮೊದಲು ಬಾನೆಟ್ ಎತ್ತಿಸಿ ಆ ಚೀಟಿ ಕೇಳಲಿ.