ಇಂಗ್ಲಿಷಿಗೆ ಕನ್ನಡ ಅಡ್ಡಿಯೆ?

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗಳು ಬರಿದಾಗುತ್ತಿರುವುದಕ್ಕೆ ನಾವು ಕೊಡುವ ಕಾರಣ ಒಂದೇ: ಮಕ್ಕಳಿಗೆ ಇಂಗ್ಲಿಷ್ ಬೇಕು. ಬೇಕು, ನಿಜ, ಆದರೆ ಭಾಷೆಯನ್ನು ಕಲಿಯುವುದು ಬೇರೆ, ಅದರಲ್ಲಿಯೇ ಎಲ್ಲವನ್ನೂ ಕಲಿಯುವುದು ಬೇರೆ. ಮಗುವಿನ ಶಿಕ್ಷಣಕ್ಕೆ ತಾಯ್ನುಡಿಯೇ ಅತ್ಯುತ್ತಮ ಮಾಧ್ಯಮವೆಂದು ಯುನೆಸ್ಕೊ 1953ರಲ್ಲಿಯೇ ಸಾರಿತು. ಮೊದಲ ನುಡಿಯಲ್ಲಿ ಗಳಿಸಿದ ಓದುಬರಹದ ಬಲ ಎರಡನೆಯದಕ್ಕೂ ಒದಗುತ್ತದೆಂದು ಜಿಮ್ ಕಮಿನ್ಸ್ 1979ರಲ್ಲಿ ವಾದಿಸಿದರು. ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಇಂಗ್ಲಿಷಿನ ಕಚೇರಿಗಳಲ್ಲಿ ಮೇಲೇರಿದ ನಮ್ಮ ಹಿರಿಯರೇ ಇದಕ್ಕೆ ಸಾಕ್ಷಿ.

ಹಲವರ ಮನೆಮಾತು ತುಳುವಲ್ಲವೆ ಎನ್ನಬಹುದು. ಭಜನೆ, ಯಕ್ಷಗಾನಗಳಲ್ಲಿ ಕಿವಿಗೆ ಬಿದ್ದ ಕನ್ನಡ ಆ ಮಗುವಿಗೆ ನೆರೆಮನೆಯೇ.

ನಾವು ಕೇಳಬೇಕಾದದ್ದು ಕನ್ನಡ ಶಾಲೆಗೆ ಒಳ್ಳೆಯ ಇಂಗ್ಲಿಷ್ ಶಿಕ್ಷಕರನ್ನು. ಅದನ್ನು ಕೇಳದೆ ಶಾಲೆಯನ್ನೇ ತೊರೆದ ನಮಗೆ ರಾಜ್ಯೋತ್ಸವದ ವೇದಿಕೆಯಲ್ಲಿ ಕಣ್ಣೀರಿಡುವ ಹಕ್ಕೆಲ್ಲಿದೆ?