ದನದ ಕೊಟಗ್ಯಾಗ ಒಂದು ಮೂಲಿ ಬಡಿಗತನಕ್ಕ ಬಿಡ್ರಿ

ಇವತ್ತ ಬೆಳಿ ಬಗ್ಗೆ ಅಲ್ಲ, ಕಟಗಿ ಬಗ್ಗೆ ಬರೀತೀನಿ. ಉದ್ದ ಆಗ್ತದ, ಸ್ವಲ್ಪ ಖಾರನೂ ಆಗ್ತದ.

ನಾನು ಹೇಳೋದು ಇಷ್ಟ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಕೂ ಕಡೆ ಎರಡೆಕರೆ ಇದ್ದವನಿಂದ ಹಿಡಿದು ಇಪ್ಪತ್ತೆಕರೆ ಇದ್ದವನ ತನಕ ಪ್ರತಿ ರೈತ ತನ್ನ ಕೊಟಗಿಯೊಳಗ ಎಂಟು ಫೂಟ್ ಹತ್ತು ಫೂಟ್ ಜಾಗ ಬಡಿಗತನಕ್ಕ ಬಿಡಬೇಕು. ಐದು ಸಾವಿರ ರೂಪಾಯಿ ಒಳಗ ಹತ್ಯಾರ ಕೂಡಿಸಬೇಕು. ತನ್ನ ಒಕ್ಕಲತನದ ಸಣ್ಣ ಸಾಮಾನು ತಾನ ಮಾಡಿಕೊಳ್ಳಬೇಕು. ಇದು ಹವ್ಯಾಸದ ಮಾತಲ್ಲ. ಬಿತ್ತಿಗಿ ಕೆಡಬಾರದು ಅನ್ನೋ ಮಾತು.

ನಮ್ಮ ಒಡ್ಡಿನ ಮ್ಯಾಲ ನಿಂತ ಕರಿಜಾಲಿ ಗಿಡ ನಾವು ಹೆಂಗ ಮಾರ್ತೀವಿ? ಉರವಲ ಅಂತ, ಟನ್ ಲೆಕ್ಕದಾಗ. ಆ ರೊಕ್ಕದಾಗ ಏನ್ ತರ್ತೀವಿ? ಸಂತ್ಯಾಗ ಕೊಡಲಿಗೊಂದು ಕಾವು, ಸಲಿಕಿಗೊಂದು ಕಾವು, ಪ್ಲಾಸ್ಟಿಕ್ ಕುರ್ಚಿ, ನೀರು ಬಿದ್ದ ಕೂಡಲೇ ಉಬ್ಬಿ ಬರೋ ಕಟಗಿಪುಡಿ ಟೇಬಲ್ಲು. ಆ ಸಂತಿ ಕಾವು ಯಾವ ಗಿಡದ್ದು ಅಂತ ಮಾರವನಿಗೂ ಗೊತ್ತಿರೂದಿಲ್ಲ, ಎರಡು ತಿಂಗಳಿಗೆ ಮುರೀತದ. ನಮ್ಮ ಹಿರ್ಯಾರು ಚಕ್ಕಡಿ ಗಾಲಿಗೆ, ಗಾಣಕ್ಕ ಹುಡುಕಿ ಹುಡುಕಿ ಹಾಕಿದ ಕಟಗಿ ಕರಿಜಾಲಿ. ಪೆಟ್ಟು ತಡಕೊಳ್ಳೋದ್ರಾಗ ಸಾಗವಾನಿಗಿಂತ ಗಟ್ಟಿ. ಅದನ್ನ ಒಲಿಗೆ ಕೊಟ್ಟು ಬ್ಯಾರೆಯವರ ಪಿಚ್ಚ ಕಟಗಿ ರೊಕ್ಕ ಕೊಟ್ಟು ತರ್ತೀವಿ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನಮಗ ಒಡ್ಡಿನ ಗಿಡ ಕಟಗಿನೇ ಅಲ್ಲ.

ರೊಕ್ಕದ ಮಾತು ಸಣ್ಣದು ಬಿಡ್ರಿ. ದೊಡ್ಡದು ವ್ಯಾಳೆದ ಮಾತು. ನಮ್ಮದು ಹಿಂಗಾರಿ ಜೋಳದ ನಾಡು. ಉತ್ತರಿ, ಹಸ್ತ ಮಳಿ ಆಗಿ ಎರಿ ಭೂಮಿ ಹದಕ್ಕ ಬಂತಂದ್ರ ಬಿತ್ತಾಕ ಸಿಗೋದು ನಾಕಾರು ದಿನ. ಅದೇ ಹೊತ್ತಿಗೆ ಕೂರಿಗಿ ತಾಳು ಸೀಳಿದ್ರ, ಕುಂಟಿ ದಿಂಡು ಬಿರಿದ್ರ ಏನ್ ಮಾಡ್ತೀವಿ? ಬಡಿಗ್ಯಾರ ಮನಿಗೆ ಓಡ್ತೀವಿ. ಅಂವ ಊರಾಗ ಇರೂದಿಲ್ಲ, ಪುಣೆಕ್ಕೋ ಸೊಲ್ಲಾಪುರಕ್ಕೋ ಫರ್ನಿಚರ್ ಕೆಲಸಕ್ಕ ಹೋಗ್ಯಾನ. ಬಾಡಿಗಿ ಟ್ರ್ಯಾಕ್ಟರ್ ಕೇಳಿದ್ರ ಪಾಳಿ. ಮೂರು ದಿನ ತಡ ಆದ್ರ ಮ್ಯಾಲಿನ ಹಸಿ ಆರ್ತದ. ಆಮ್ಯಾಲ ಬೀಜ ಎಷ್ಟು ಆಳಕ್ಕ ಒಯ್ದರೂ ನಾಟಿಗಿ ಒಂದೇ ಸಮ ಏಳೂದಿಲ್ಲ. ಆ ತಾಳು ಸರಿ ಮಾಡಾಕ ಬೇಕಾಗಿದ್ದು ಏನು? ಒಂದು ಬಾಚಿ, ಒಂದು ಉಳಿ, ಒಣಗಿಸಿ ಇಟ್ಟ ಒಂದು ಜಾಲಿ ತುಂಡು, ಅರ್ಧ ದಿನ. ಇಷ್ಟು ಮನ್ಯಾಗ ಇರಲಿಲ್ಲ ಅಂತ ಒಂದು ವರ್ಷದ ಬೆಳಿ ಹಿಂದ ಬೀಳ್ತದ.

ಇನ್ನ ಹೆಣ್ಣುಮಕ್ಕಳ ಕುರ್ಪಿ ನೋಡ್ರಿ. ಸಂತ್ಯಾಗ ತಂದ ಕುರ್ಪಿ ಹಿಡಿಕಿ ಎಲ್ಲಾರ ಕೈಗೂ ಒಂದೇ ಅಳತಿ. ದಿನಾ ಆರು ತಾಸು ಕಳೆ ತೆಗೆಯೋ ಕೈಯಾಗ ಬೊಬ್ಬಿ ಏಳ್ತಾವ. ಅವರವರ ಮುಷ್ಟಿ ನೋಡಿ ಒಂದು ಹಿಡಿಕಿ ಕೆತ್ತಿ ಕೊಡಾಕ ಒಂದು ತಾಸು ಸಾಕು. ಆ ಒಂದು ತಾಸು ನಮಗ ಸಿಗೂದಿಲ್ಲ, ಮೊಬೈಲ್ ನೋಡಾಕ ಮಾತ್ರ ಸಿಗ್ತದ.

ಈ ಮಾತು ಕಟ್ಟಿ ಮ್ಯಾಲ ತೆಗೆದ್ರ ಮೂರು ನೆವ ಬರ್ತಾವ. ಒಂದೊಂದಕ್ಕೂ ಉತ್ತರ ಕೊಡ್ತೀನಿ.

ಮೊದಲನೇ ನೆವ: "ಅದಕ್ಕ ಮಷಿನ್ ಬೇಕು, ಲಕ್ಷ ರೂಪಾಯಿ ಬೇಕು."

ಇದು ವಿಡಿಯೋ ನೋಡಿ ಬಂದ ಮಾತು. ಅಮೆರಿಕಾದವರು ಕಾರು ನಿಲ್ಲಿಸೋ ಗ್ಯಾರೇಜಿನ್ಯಾಗ ದೊಡ್ಡ ಗರಗಸ ಮಷಿನ್ ಇಟ್ಟು ಕುರ್ಚಿ ಮಾಡ್ತಾರ. ನಮಗ ಕಾರೂ ಇಲ್ಲ, ಗ್ಯಾರೇಜೂ ಇಲ್ಲ. ಮನ್ಯಾಗ ಸಿಂಗಲ್ ಫೇಸ್ ಕರೆಂಟು, ಅದೂ ಬಂದಾಗ ಬಂತು. ತೋಟದ ತ್ರೀ ಫೇಸ್ ಪಂಪಿಗೆ ಕೊಟ್ಟದ್ದು, ಅದಕ್ಕ ಕಟಗಿ ಮಷಿನ್ ಹಚ್ಚೋದು ನಿಯಮಕ್ಕ ವಿರುದ್ಧ. ಕೊಟಗ್ಯಾಗ ಇನ್ನೊಂದು ಅಪಾಯ ಅದ. ಕಬ್ಬಿಣ ಕೊಯ್ಯೋ ಗ್ರೈಂಡರ್ ಕಿಡಿ ಕಣಕಿ ಬಣವಿಗೆ ಬಿತ್ತಂದ್ರ ಕಣಕಿನೂ ಇಲ್ಲ, ದನನೂ ಇಲ್ಲ. ಕೈ ಹತ್ಯಾರಕ್ಕ ಕಿಡಿ ಇಲ್ಲ, ಕರೆಂಟ್ ಬಿಲ್ಲಿಲ್ಲ. ನಮ್ಮ ಕಡೆ ಪ್ಯಾಟ್ಯಾಗ ಹೆಚ್ಚುಕಡಿಮಿ ಲೆಕ್ಕ ಹಿಂಗ ಬರ್ತದ:

ಬಾಚಿ – 400 ರೂ. (ಊರ ಕಂಬಾರ ಲಾರಿಯ ಹಳೆ ಕಮಾನ್ ಪಟ್ಟಿಯಿಂದ ಬಡಿದು ಕೊಟ್ಟದ್ದು ಅಂಗಡಿದಕ್ಕಿಂತ ಚಲೋ)
ಕೈ ಗರಗಸ – 350
ಉಳಿ ಮೂರು: ಅರ್ಧ, ಮುಕ್ಕಾಲು, ಒಂದು ಇಂಚು – 450
ರಂದಾ – 700
ಸುತ್ತಿಗಿ – 250
ಗುಣ್ಯಾ – 150
ಎರಡೂ ಮಗ್ಗಲಿನ ಸಾಣಿಕಲ್ಲು – 200
ಗರಗಸದ ಹಲ್ಲು ಚೂಪು ಮಾಡೋ ಮೂರು ಮೂಲಿ ಅರ – 100
ಜಿ ಕ್ಲಾಂಪ್ ಎರಡು – 450
ಟೇಪು – 100

ಕೂಡಿಸಿದ್ರ 3,150. ಸಣ್ಣ ಡ್ರಿಲ್ ಮಷಿನ್ 1,800 ಹಿಡೀರಿ, ಒಟ್ಟು 4,950. ಡ್ರಿಲ್ ಒಬ್ಬರ ತರೋದೂ ಬ್ಯಾಡ, ನಾಕು ಮನಿ ಕೂಡಿ ಒಂದು ತಂದ್ರ ಸಾಕು. ಒಂದೇ ಸಲ ಎಲ್ಲಾ ತರಬ್ಯಾಡ್ರಿ. ಮೊದಲ ಬಾಚಿ, ಗರಗಸ, ಮುಕ್ಕಾಲು ಇಂಚಿನ ಉಳಿ, ಸಾಣಿಕಲ್ಲು. ಇಷ್ಟರಾಗ ಕಾವು, ಹಿಡಿಕಿ, ಗೂಟ, ಕೊಡತಿ ಎಲ್ಲಾ ಆಗ್ತಾವ. ಕೈ ಕೂತ ಮ್ಯಾಲ ಉಳಿದದ್ದು. ಒಂದು ಮದುವಿ ಬ್ಯಾನರಿಗೆ ಇದಕ್ಕಿಂತ ಹೆಚ್ಚು ರೊಕ್ಕ ಹಾಕ್ತೀವಿ, ಅದು ಮೂರು ದಿನಕ್ಕ ಹರೀತದ.

ಸಾಣಿ ಹಿಡಿಯೋದು ಮಾತ್ರ ಬಿಡಬ್ಯಾಡ್ರಿ. ಮೊಂಡ ಉಳಿಗೆ ಬಲಾ ಹಾಕಬೇಕಾಗ್ತದ, ಬಲಾ ಹಾಕಿದಾಗನ ಜಾರ್ತದ, ಜಾರಿದಾಗನ ಕೈ ಕೊಯ್ತದ. ಬಾಚಿ ಹಿಡಿದಾಗ ಚಪ್ಪಲಿ ಬ್ಯಾಡ, ಬೂಟು ಹಾಕ್ರಿ. ಬಾಚಿ ಕಾಲಿನ ಕಡೆಗೇ ಬರೋ ಹತ್ಯಾರ.

ಎರಡನೇ ನೆವ: "ಜಾಗ ಇಲ್ಲ, ಕಟಗಿ ಇಲ್ಲ."

ಕುಣೀಲಾರದವ ಅಂಗಳ ಡೊಂಕ ಅಂದಂಗ. ಕೊಟಗಿಯ ಬೆಳಕು ಬರೋ ಮಗ್ಗಲು ನೋಡ್ರಿ, ಹೊಟ್ಟು ಕಣಕಿ ಇರೋ ಮೂಲಿ ಬಿಡ್ರಿ. ಅಲ್ಲಿ ಒಂದು ಕೆಲಸದ ಕಟ್ಟಿ ಬೇಕು. ಎಲ್ಲಾದಕ್ಕಿಂತ ಮುಖ್ಯ ಇದು. ಅಲ್ಲಾಡೋ ಕಟ್ಟಿ ಮ್ಯಾಲ ಎಂಥಾ ಹತ್ಯಾರ ಇದ್ರೂ ಕೆಲಸ ಆಗೂದಿಲ್ಲ. ಇಪ್ಪತ್ತು ಸಾವಿರದ ಟೇಬಲ್ಲು ಬ್ಯಾಡ, ನಮ್ಮದು ಮಣ್ಣಿನ ನೆಲ, ಅದೇ ನಮಗ ಲಾಭ. ನಾಕು ಜಾಲಿ ಕಂಬ ಒಂದೂವರೆ ಫೂಟ್ ನೆಲದಾಗ ಹುಗೀರಿ. ಹುಗಿಯೋ ಭಾಗ ಬೆಂಕಿಗೆ ಹಿಡಿದು ಮ್ಯಾಲ ಕರಿಕು ಮಾಡಿ, ಟ್ರ್ಯಾಕ್ಟರಿನ ಹಳೆ ಎಣ್ಣಿ ಹಚ್ರಿ, ಗೆದ್ದಲು ಹತ್ತೋದು ಕಮ್ಮಿ ಆಗ್ತದ. ಎರಿ ನೆಲ ಬ್ಯಾಸಿಗ್ಯಾಗ ಬಿರುಕು ಬಿಡ್ತದ, ಮಳಿಗಾಲದಾಗ ಉಬ್ತದ. ಹಿಂಗಾಗಿ ತೆಗ್ಗಿನ್ಯಾಗ ಎರಿ ಮಣ್ಣು ವಾಪಸ್ ಹಾಕಬ್ಯಾಡ್ರಿ, ಗರಸು ತುಂಬಿ ಗಜ್ಜಿ ಬಡೀರಿ. ಮ್ಯಾಲ ಬೇವಿನ ದಪ್ಪ ಹಲಗಿ, ಇಲ್ಲಾ ಹಳೆ ಬಾಗಿಲ ಹಲಗಿ. ನೆಟ್ಟಗ ನಿಂತು ಕೈ ಕೆಳಗ ಬಿಟ್ಟಾಗ ಮಣಿಕಟ್ಟು ಎಲ್ಲಿ ಬರ್ತದೋ ಅಷ್ಟು ಎತ್ತರ ಇರ್ಲಿ. ಹಲಗಿ ಮ್ಯಾಲ ಎರಡು ತೂತು ಕೊರೆದು ಜಾಲಿ ಗೂಟ ಹೊಡೀರಿ. ಕಟಗಿ ಗೂಟಕ್ಕ ಆನಿಸಿ ಹಿಂದ ಬೆಣಿ ಜಡಿದ್ರ ಅಲ್ಲಾಡೂದಿಲ್ಲ.

ಕಟಗಿ ಇಲ್ಲ ಅನ್ನೋರಿಗೆ ಕಣ್ಣಿಲ್ಲ ಅನ್ನಬೇಕು. ಗಾಳಿಗೆ ಬಿದ್ದ ಜಾಲಿ, ಸವರಿದ ಬೇವಿನ ಟೊಂಗಿ, ಹಳ್ಳದ ದಂಡಿಗೆಲ್ಲಾ ಬೆಳೆದ ಬಳ್ಳಾರಿ ಜಾಲಿ. ಬಳ್ಳಾರಿ ಜಾಲಿ ಡೊಂಕ ಇರ್ತದ, ಮುಳ್ಳು ಕೆಟ್ಟದ್ದು, ಆದ್ರ ಕಟಗಿ ಗಟ್ಟಿ. ಗೂಟ, ಕೊಡತಿ, ಹಿಡಿಕಿಗೆ ಅದಕ್ಕಿಂತ ಏನ್ ಬೇಕು? ನಿಂತ ಹಸಿ ಗಿಡ ಕಡಿಯೋದಿದ್ರ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅದ. ನಮ್ಮ ಹೊಲದ ಗಿಡ ಆದ್ರೂ ಮೊದಲ ಅರಣ್ಯ ಇಲಾಖೆಯೊಳಗ ಕೇಳ್ರಿ.

ಕಡಿದ ಕಟಗಿ ಅವತ್ತ ಉಪಯೋಗಿಸೋ ಹಂಗಿಲ್ಲ. ನಮ್ಮ ಬಿಸಲಿಗೆ ಹಸಿ ಕಟಗಿ ಹೊರಗ ಒಗೆದ್ರ ಒಂದು ವಾರದಾಗ ತುದಿ ಸೀಳ್ತದ. ಎರಡೂ ತುದಿಗೆ ದಪ್ಪಗ ಸೆಗಣಿ ಬಳೀರಿ, ಇಲ್ಲಾ ಉಳಿದ ಪೇಂಟ್ ಹಚ್ರಿ. ಯಾಕಂದ್ರ ತುದಿಯಿಂದ ಹಸಿ ಬಲು ಜಲ್ದಿ ಹೋಗ್ತದ, ನಡುವಿನದು ನಿಧಾನ. ಆ ಹೆಚ್ಚುಕಡಿಮಿಗೇ ಕಟಗಿ ಸೀಳೋದು. ನೆರಳಿನ್ಯಾಗ, ನೆಲಕ್ಕ ತಾಗದಂಗ ಕೆಳಗ ಕಲ್ಲಿಟ್ಟು, ಹಲಗಿ ನಡುವ ಕೋಲಿಟ್ಟು ಗಾಳಿ ಆಡೂ ಹಂಗ ಒಟ್ರಿ. ಒಂದು ಇಂಚು ದಪ್ಪಕ್ಕ ಒಂದು ವರ್ಷ ಅನ್ನೋದು ಬಡಿಗ್ಯಾರ ಲೆಕ್ಕ. ಜಾಲಿ ದಿಮ್ಮಿಯನ್ನ ಮೊದಲ ಬಾವಿ ನೀರಾಗ ಕೆಲವು ವಾರ ಮುಳುಗಿಸಿ ಇಡೋ ರೂಢಿ ಹಳೇದು, ಒಳಗಿನ ರಸ ಹೋದ ಮ್ಯಾಲ ಹುಳ ಹತ್ತೋದು ಕಮ್ಮಿ. ಹೊರಗಿನ ಬಿಳಿ ಕಟಗಿ ಹುಳದ ಪಾಲು, ಒಳಗಿನ ಕೆಂಪು ಕೆಚ್ಚು ನಿಮ್ಮ ಪಾಲು. ಕಾವು ಮಾಡೋರು ಗರಗಸದಿಂದ ಕೊಯ್ಯಬ್ಯಾಡ್ರಿ, ಕೊಡಲಿಂದ ಸೀಳ್ರಿ. ಸೀಳಿದ ಕಟಗಿ ತನ್ನ ಎಳಿ ಹಿಡಿದು ಬಿಡ್ತದ, ಎಳಿ ತುದಿಯಿಂದ ತುದಿತನಕ ಇದ್ದ ಕಾವು ಮುರಿಯೂದಿಲ್ಲ. ಸಂತಿ ಕಾವು ಮುರಿಯೋದು ಇದಕ್ಕ, ಎಳಿ ಅಡ್ಡ ಕೊಯ್ದಿರ್ತಾರ.

ಮೂರನೇ ನೆವ: "ಅದು ಬಡಿಗ್ಯಾರ ಕೆಲಸ, ನಾವ್ಯಾಕ ಮಾಡಬೇಕು?"

ಇದನ್ನ ಎರಡು ನಮೂನಿ ಮಂದಿ ಅಂತಾರ. ಒಬ್ಬ ಕೀಳು ಅಂತ ಅಂತಾನ. ಅವನಿಗೆ ನಾನು ಹೇಳೋದು ಸಣ್ಣ ಮಾತು. ಬಾಗೇವಾಡಿ ನೆಲದವರು ನಾವು, ಬಸವಣ್ಣನ ಹೆಸರು ಹೇಳ್ತೀವಿ. ಅದೇ ಕಲ್ಯಾಣದಾಗ ಬಾಚಿಕಾಯಕದ ಬಸವಯ್ಯ ಅನ್ನೋ ಶರಣ ಇದ್ರು. ಬಾಚಿ ಹಿಡಿಯೋದೇ ಅವರ ಹೆಸರಾತು. ಫೋಟೋಕ್ಕ ಹಾರ ಹಾಕಿ ಬಾಚಿ ಮುಟ್ಟಾಕ ನಾಚೋರಿಗೆ ಇನ್ನೇನ್ ಹೇಳೋದು?

ಇನ್ನೊಬ್ಬ ಕಳಕಳಿಯಿಂದ ಅಂತಾನ, "ಬಡಿಗ್ಯಾನ ಹೊಟ್ಟಿ ಮ್ಯಾಲ ಹೊಡೀತೀರಿ" ಅಂತ. ಈ ಮಾತಿಗೆ ಮರ್ಯಾದಿ ಕೊಟ್ಟು ಉತ್ತರ ಕೊಡಬೇಕು. ಬಡಿಗ್ಯಾನ ಹೊಟ್ಟಿ ಮ್ಯಾಲ ಹೊಡೆದಾಗೇದ್ರಿ. ಕಣದಾಗ ಆಯ ಅಳೆದು ಕೊಡೋದು ನಾವ ಬಿಟ್ವಿ. ಚಕ್ಕಡಿ ಬಿಟ್ಟು ಟ್ರ್ಯಾಲಿ ತಂದ್ವಿ, ಬಾಗಿಲು ಕಬ್ಬಿಣದ್ದು ಮಾಡಿಸಿದ್ವಿ, ಹೊರಸು ಹೋಗಿ ಪ್ಲಾಸ್ಟಿಕ್ ಬಂತು. ವರ್ಷಕ್ಕ ಎರಡು ಸಲ ಕೂರಿಗಿ ರಿಪೇರಿಗೆ ಕರೆದ್ರ ಅಂವ ಊರಾಗ ಯಾಕ ಕೂಡಬೇಕು? ನಾವು ಕಾವು, ಹಿಡಿಕಿ ಮಾಡಿಕೊಂಡ್ರ ಅವನ ಗಳಿಕಿ ಕಮ್ಮಿ ಆಗೂದಿಲ್ಲ. ಅವು ಈಗ ಸಂತಿ ವ್ಯಾಪಾರಿಗೆ ಹೋಗೋ ರೊಕ್ಕ. ಬಾಗಿಲ ಚೌಕಟ್ಟು, ಗಾಲಿ, ಹೊಸ ಕೂರಿಗಿ ಬಟ್ಟಲು, ಇವು ನಮ್ಮ ಕೈಲಿ ಆಗೋವಲ್ಲ, ಅವನೇ ಮಾಡಬೇಕು. ಕಟಗಿ ಕೆಲಸ ಏನಂತ ಸ್ವಂತ ಕೈಯಿಂದ ತಿಳಿದವನೇ ಬಡಿಗ್ಯಾನ ಕೂಲಿ ಚೌಕಾಶಿ ಮಾಡದ ಕೊಡ್ತಾನ.

ಅದಕ್ಕ ನನ್ನದೊಂದು ಮಾತು. ಊರಾಗ ಉಳಿದ ವಯಸ್ಸಾದ ಬಡಿಗ್ಯಾರ ಕಾಕಾನ್ನ ಹತ್ತು ಮಂದಿ ರೈತರು ಕೂಡಿ ಬ್ಯಾಸಿಗ್ಯಾಗ ಒಂದು ವಾರ ಕರೀರಿ. ಗೌಂಡಿಗೆ ಕೊಡೋ ಪಗಾರನೇ ದಿನಾ ನಗದು ಕೊಡ್ರಿ, ಊಟ ಕೊಡ್ರಿ, ಕಲಿಸ್ರಿ ಅಂತ ಕೇಳ್ರಿ. ಸಾಣಿ ಹೆಂಗ ಹಿಡಿಯೋದು, ಈಸಿಗೆ ತೂತು ಯಾವ ಓರೆ ಇರಬೇಕು, ತಾಳಿನ ನಡುವಿನ ಅಂತರ ಹೆಂಗ ಇಡೋದು, ಇದು ಯಾವ ವಿಡಿಯೋದಾಗೂ ಸಿಗೂದಿಲ್ಲ, ಅವರ ಕೈಯಾಗ ಮಾತ್ರ ಅದ. ಅವರ ಹಿಂದ ಅದೂ ಹೋಗ್ತದ. ಅವರ ಮನಿ ಹುಡುಗರಿಗೆ ಪಿಎಂ ವಿಶ್ವಕರ್ಮ ಯೋಜನಾ ಬಗ್ಗೆ ಹೇಳ್ರಿ. 2023ರ ಸೆಪ್ಟೆಂಬರ್ 17ಕ್ಕ ಚಾಲೂ ಆದದ್ದು, 18 ಕಸಬಿನೊಳಗ ಬಡಿಗತನ ಅದ. ತರಬೇತಿಯೊಳಗ ದಿನಕ್ಕ 500 ರೂಪಾಯಿ, ಹತ್ಯಾರಕ್ಕ 15,000, ಆಮ್ಯಾಲ 5 ಪರ್ಸೆಂಟ್ ಬಡ್ಡಿಯಾಗ ಮೊದಲ 1 ಲಕ್ಷ, ಮುಂದ 2 ಲಕ್ಷ ಸಾಲ. ಅದು ಕಸಬುದಾರರ ಹಕ್ಕು. ಹೊಲ ಇದ್ದ ನಾವು ಸುಳ್ಳು ಬರೆಸಿ ಆ ಪೆಟ್ಟಿಗಿ ತರಾಕ ಹೋಗಬಾರದು. ನಮಗ ಐದು ಸಾವಿರ ಸಾಕು ಅಂತ ಮ್ಯಾಲೆ ಲೆಕ್ಕ ಕೊಟ್ಟೀನಿ.

ಟ್ರ್ಯಾಕ್ಟರ್ ಬ್ಯಾಡ, ಹಳೆ ಕಾಲ ಬರಲಿ ಅಂತ ನಾನು ಹೇಳಾಕತ್ತಿಲ್ಲ. ಹಳೆ ಕಾಲದಾಗ ಹಸಿವಿತ್ತು, ಅದು ಬರೋದು ಬ್ಯಾಡ. ಆದ್ರ ಒಂದು ಸಣ್ಣ ತುಂಡು ಕಟಗಿ ಮುರಿದ್ರ ಹೊಲ ನಿಲ್ಲೋ ಹಂಗ ಒಕ್ಕಲತನ ಇರಬಾರದು. ಗೊಬ್ಬರಕ್ಕ, ಬೀಜಕ್ಕ, ಔಷಧಕ್ಕ ಅಂಗಡಿ ಮುಂದ ನಿಲ್ತೀವಿ. ಕೊಡಲಿ ಕಾವಿಗೂ ನಿಂತ್ರ ನಮ್ಮದು ಅಂತ ಉಳಿದದ್ದು ಏನು?

ಜೋಳದ ರಾಶಿ ಮುಗಿದು ಮಿರಗ ಮಳಿ ಬರೋ ತನಕ ಮೂರು ತಿಂಗಳು ಕೈ ಖಾಲಿ ಇರ್ತದ. ಈ ಬ್ಯಾಸಿಗ್ಯಾಗ ಕಂಬ ಹುಗೀರಿ, ನಾಕು ಹತ್ಯಾರ ತರ್ರಿ, ಬಿದ್ದ ಜಾಲಿ ಸೀಳಿ ತುದಿಗೆ ಸೆಗಣಿ ಬಳಿದು ನೆರಳಿಗೆ ಒಟ್ರಿ. ಮೊದಲನೇ ಕೆಲಸ ಮನಿ ಹೆಣ್ಣುಮಕ್ಕಳ ಕುರ್ಪಿ ಹಿಡಿಕಿ ಇರ್ಲಿ. ಎರಡನೇದು ಕೂರಿಗಿಗೆ ಒಂದು ಹೆಚ್ಚಿನ ತಾಳು ಕೆತ್ತಿ ತೊಲಿಗೆ ತೂಗು ಹಾಕ್ರಿ. ಹಸ್ತ ಮಳಿ ಬಂದಾಗ ಅದು ಅಲ್ಲೇ ಇರ್ತದ.