ಚಳಿ ದೇಶದ ಲೆಕ್ಕ, ಕೋಲಾರದ ಬೋರ್‌ವೆಲ್

ಪಂಪಿನ ವೇಗ ಶೇ. 20ರಷ್ಟು ತಗ್ಗಿಸಿದರೆ ವಿದ್ಯುತ್ ಬಳಕೆ ಅರ್ಧಕ್ಕಿಳಿಯುತ್ತದೆ, ಆದ್ದರಿಂದ ಕೋಲಾರ ಜಿಲ್ಲೆಯ ಪ್ರತಿ ಬೋರ್‌ವೆಲ್‌ಗೂ ವಿಎಫ್‌ಡಿ (ಮೋಟರಿನ ವೇಗ ಹೆಚ್ಚು ಕಡಿಮೆ ಮಾಡುವ ಸಾಧನ) ಕೂಡಿಸಬೇಕು ಎಂಬುದು ಕಳೆದ ಸಂಚಿಕೆಯ ಲೇಖಕರ ವಾದ. ಲೆಕ್ಕ ಸರಿ, ಜಾಗ ತಪ್ಪು.

ಆ ಲೆಕ್ಕ ಪೂರ್ತಿ ಒಪ್ಪುವುದು ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳಿಗೆ. ಅಲ್ಲಿ ನೀರು ಮುಚ್ಚಿದ ಸುತ್ತಿನಲ್ಲಿ ತಿರುಗುತ್ತದೆ, ಏರಿದಷ್ಟೇ ಇಳಿಯುತ್ತದೆ. ಪಂಪು ಗೆಲ್ಲಬೇಕಾದ್ದು ಘರ್ಷಣೆಯನ್ನು ಮಾತ್ರ. ಮುಳಬಾಗಿಲಿನ ಬೋರಿನಲ್ಲಿ ನೀರನ್ನು ಎತ್ತಬೇಕು ಸ್ವಾಮಿ! ನೀರಿನ ಮಟ್ಟ 300 ಮೀಟರ್ ಆಳದಲ್ಲಿದೆ, ಪಂಪು ನೀರನ್ನು ಗರಿಷ್ಠ 450 ಮೀಟರ್ ಎತ್ತಬಲ್ಲದು ಎನ್ನಿ. ವೇಗ ಶೇ. 80ಕ್ಕೆ ಇಳಿದರೆ ಎತ್ತುವ ಸಾಮರ್ಥ್ಯ ಶೇ. 64ಕ್ಕೆ, ಅಂದರೆ 288 ಮೀಟರಿಗೆ ಕುಸಿಯುತ್ತದೆ. ತೊಟ್ಟು ನೀರೂ ಮೇಲೆ ಬರದು. ಹರಿವಿನ ತಂಪಿಲ್ಲದೆ ಮೋಟರ್ ಕಾಯುತ್ತದೆ. ಕಾಯಿಲ್ ಸುಟ್ಟರೆ ಸಾವಿರ ಅಡಿ ಪೈಪ್ ಎತ್ತಿಸುವ ಖರ್ಚು ಯಾರದು? 10 ಎಚ್‌ಪಿವರೆಗೆ ರೈತರಿಗೆ ಕರೆಂಟೇ ಉಚಿತವಿರುವಾಗ ಉಳಿತಾಯದ ಆಮಿಷವೂ ತಟ್ಟದು.

ಮಾಲೂರಿನಲ್ಲೋ ಶ್ರೀನಿವಾಸಪುರದಲ್ಲೋ ಕೃಷಿ ಹೊಂಡದಿಂದ ಡ್ರಿಪ್‌ಗೆ ನೀರು ಬಿಡುವ ಮಾತು ಬೇರೆ. ಇವತ್ತು ಒಂದು ವಾಲ್ವ್, ನಾಳೆ ಮೂರು ತೆರೆದಿರುತ್ತವೆ. ಒತ್ತಡವನ್ನು ಒಂದೇ ಸಮ ಕಾಯುವ ವಿಎಫ್‌ಡಿ ಅಲ್ಲಿ ಹೊಂದುತ್ತದೆ. ಬೋರಿಗೆ ಬೇಕಾದ್ದು ಪೂರ್ಣ ವೇಗ, ನೀರು ಬತ್ತಿದೊಡನೆ ಮೋಟರ್ ನಿಲ್ಲಿಸುವ ಡ್ರೈ ರನ್ ರಕ್ಷಣೆ, ನೀರು ಊರುವ ತನಕ ತಡೆಯುವ ಟೈಮರ್. ಕರೆಂಟ್ ಬಂದ ಕೂಡಲೇ ಮೋಟರ್ ಎಬ್ಬಿಸುವ ಆಟೋ ಸ್ಟಾರ್ಟರ್ ಮಾತ್ರ ಇದ್ದು, ಈ ರಕ್ಷಣೆ, ಟೈಮರ್ ಎರಡೂ ಇಲ್ಲದ ತೋಟಗಳ ಬಗ್ಗೆ ಲೇಖಕರು ಬರೆಯಬಹುದಿತ್ತು.